ತೊಟ್ಟಿಲ ಕೂಸಿಗೂ ವೀಸಾ ಕೇಳುವ ಆದೇಶ

ಕ್ಯಾಲಿಫೋರ್ನಿಯಾದ ಒಂದು ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ನಾನು ಜನನ ದಾಖಲೆಯ ಗುಮಾಸ್ತೆ. ಇಲ್ಲಿಯವರು ಬರ್ತ್ ಕ್ಲರ್ಕ್ ಎನ್ನುತ್ತಾರೆ. ಹೆರಿಗೆಯಾದ ಮಾರನೆಯ ದಿನ ಬಾಣಂತಿಯ ಕೋಣೆಗೆ ಹೋಗಿ, ಅವಳ ಮಂಚದ ಪಕ್ಕ ಕೂತು, ಒಂದು ಅರ್ಜಿ ತುಂಬಿಸಿಕೊಂಡು ಬರುವುದು ನನ್ನ ಕೆಲಸ. ಮಗುವಿಗೆ ಏನು ಹೆಸರು, ಎಷ್ಟು ಹೊತ್ತಿಗೆ ಹುಟ್ಟಿತು, ತಾಯಿ ಎಲ್ಲಿ ಹುಟ್ಟಿದವಳು, ಎಷ್ಟು ಓದಿದ್ದಾಳೆ, ತಂದೆ ಎಲ್ಲಿ ಹುಟ್ಟಿದವನು, ಏನು ಕೆಲಸ ಮಾಡುತ್ತಾನೆ ಎಂದೆಲ್ಲ ಅದರಲ್ಲಿ ಕೇಳಿದೆ. ನಿಮ್ಮ ವೀಸಾ ಯಾವುದು, ನೀವು ಯಾವ ದೇಶದ ಪ್ರಜೆ ಎಂದು ಕೇಳಿಲ್ಲ. ಕೊನೆಯಲ್ಲಿ ಸೋಷಿಯಲ್ ಸೆಕ್ಯುರಿಟಿ ನಂಬರಿಗೆ ಇಲ್ಲಿಂದಲೇ ಅರ್ಜಿ ಹಾಕಬೇಕೇ ಎಂಬ ಒಂದು ಚೌಕವಿದೆ. ಅದಕ್ಕೆ ಗುರುತು ಹಾಕಿದರೆ ಕೆಲವು ವಾರಗಳಲ್ಲಿ ಕಾರ್ಡು ಅಂಚೆಯಲ್ಲಿ ಮನೆಗೆ ಬರುತ್ತದೆ. ಮುಂದೆ ಪಾಸ್‌ಪೋರ್ಟಿಗೆ ಹೋದರೂ ಪೌರತ್ವದ ಸಾಕ್ಷಿಯಾಗಿ ಇದೇ ಜನನ ಪ್ರಮಾಣಪತ್ರ ಸಾಕು. ಇಲ್ಲಿ ಹುಟ್ಟಿದೆ, ಆದ್ದರಿಂದ ಈ ದೇಶದ್ದು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 36 ಲಕ್ಷ ಮಕ್ಕಳು ಹುಟ್ಟುತ್ತವೆ. ಅಷ್ಟೂ ಮಕ್ಕಳ ಪೌರತ್ವ ಇಷ್ಟು ಸರಳವಾಗಿ, ನನ್ನಂಥ ಗುಮಾಸ್ತರ ಕೈಯಲ್ಲಿ ಹಾದು ದಾಖಲಾಗುತ್ತಾ ಬಂದಿದೆ.

2025ರ ಜನವರಿ 20ರಂದು ಡೊನಾಲ್ಡ್ ಟ್ರಂಪ್ ಎರಡನೇ ಸಲ ಅಧ್ಯಕ್ಷರಾದರು. ಅಂದೇ ಸಹಿ ಹಾಕಿದ ಆದೇಶಗಳಲ್ಲಿ 14160 ಸಂಖ್ಯೆಯದು ಈ ಸರಳತೆಯನ್ನು ಮುರಿಯಲು ಹೊರಟಿತು. 30 ದಿನಗಳ ನಂತರ ಹುಟ್ಟುವ ಮಕ್ಕಳಲ್ಲಿ ಎರಡು ಬಗೆಯವರಿಗೆ ಪೌರತ್ವದ ದಾಖಲೆ ಕೊಡಕೂಡದು ಎಂದು ಅದು ಹೇಳಿತು. ಮೊದಲನೆಯವರು, ತಾಯಿ ಪರವಾನಗಿಯಿಲ್ಲದೆ ದೇಶದಲ್ಲಿದ್ದು, ತಂದೆ ಪೌರನೂ ಅಲ್ಲದ ಗ್ರೀನ್ ಕಾರ್ಡೂ ಇಲ್ಲದ ಮನೆಯ ಮಕ್ಕಳು. ಎರಡನೆಯವರು, ತಾಯಿ ಕಾನೂನಿನ ಪ್ರಕಾರವೇ ಇದ್ದರೂ ತಾತ್ಕಾಲಿಕ ವೀಸಾದ ಮೇಲಿದ್ದು, ತಂದೆಗೂ ಗ್ರೀನ್ ಕಾರ್ಡ್ ಇಲ್ಲದ ಮಕ್ಕಳು. ಊರಿನ ಪತ್ರಿಕೆಗಳಲ್ಲಿ ಮೊದಲನೆಯ ಗುಂಪಿನ ಸುದ್ದಿಯೇ ದೊಡ್ಡದಾಗಿ ಬಂತು. ಎರಡನೆಯದನ್ನು ಓದಿದ ಕೂಡಲೇ ನಮ್ಮ ಜನ ಫೋನ್ ಹಿಡಿದರು. ಏಕೆಂದರೆ ಎಚ್-1ಬಿ ವೀಸಾದ ಇಂಜಿನಿಯರ್, ಅವನ ಜೊತೆ ಎಚ್-4 ವೀಸಾದಲ್ಲಿ ಬಂದ ಹೆಂಡತಿ, ಎಂ.ಎಸ್. ಓದಲು ಬಂದ ವಿದ್ಯಾರ್ಥಿ ದಂಪತಿ, ಎಲ್ಲರೂ ಆ ಗುಂಪಿನಲ್ಲಿದ್ದಾರೆ. ಎಚ್-1ಬಿ ಮಂಜೂರಾತಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಭಾರತೀಯರದು. ಅವರಲ್ಲಿ ಬೆಂಗಳೂರು, ಮೈಸೂರು, ದಾವಣಗೆರೆ, ಹುಬ್ಬಳ್ಳಿಯ ಕಾಲೇಜುಗಳಲ್ಲಿ ಓದಿ ಬಂದವರನ್ನು ನಾನು ಪ್ರತಿ ವಾರ ಹೆರಿಗೆ ವಾರ್ಡಿನಲ್ಲಿ ಕಾಣುತ್ತೇನೆ.

ಆ ಜನವರಿ, ಫೆಬ್ರವರಿ ತಿಂಗಳುಗಳನ್ನು ನಾನು ಮರೆಯಲಾರೆ. ತುಂಬು ಗರ್ಭಿಣಿಯರು ಫೆಬ್ರವರಿ ಮೂರನೇ ವಾರದ ತಾರೀಕುಗಳನ್ನು ಬೆರಳಲ್ಲಿ ಎಣಿಸುತ್ತಿದ್ದರು. ದಿನ ತುಂಬುವ ಮುಂಚೆಯೇ ಸಿಸೇರಿಯನ್ ಮಾಡಿಸಲು ಭಾರತೀಯ ದಂಪತಿಗಳು ವೈದ್ಯರನ್ನು ವಿಚಾರಿಸುತ್ತಿದ್ದಾರೆಂದು ಭಾರತದ ಪತ್ರಿಕೆಗಳಲ್ಲೂ ವರದಿಯಾಯಿತು. ಶ್ವಾಸಕೋಶ ಬಲಿಯದ ಕೂಸನ್ನು ಹೊಟ್ಟೆಯಿಂದ ತೆಗೆಯುವುದೆಂದರೆ ಏನೆಂದು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವರಿಗೆ ಗೊತ್ತು. ವಾಷಿಂಗ್ಟನ್ನಿನಲ್ಲಿ ಹಾಕಿದ ಒಂದು ಸಹಿಗೆ ಹೆದರಿ ತಾಯಂದಿರು ಅಂಥದ್ದನ್ನು ಯೋಚಿಸುವ ಹಾಗಾಯಿತು ಎಂಬುದೊಂದೇ ಸಾಕು, ಆ ಆದೇಶವನ್ನು ನಾನು ಕ್ಷಮಿಸದಿರಲು.

ಮಗಳ ಬಾಣಂತನಕ್ಕೆಂದು ದಾವಣಗೆರೆ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದರು. ನಾನು ಕನ್ನಡದವಳೆಂದು ಮಗಳು ಹೇಳಿದ್ದಳಂತೆ. "ಅಲ್ಲಮ್ಮಾ, ನನ್ನ ಅಳಿಯ ಇಲ್ಲಿಗೆ ಬಂದು ಹನ್ನೊಂದು ವರ್ಷ ಆತು. ಮನೆ ತಗೊಂಡಾನೆ, ಟ್ಯಾಕ್ಸ್ ಕಟ್ತಾನೆ. ಇನ್ನೂ ತಾತ್ಕಾಲಿಕ ಅಂತಾರಲ್ಲ, ಕಾಯಂ ಆಗೋದು ಯಾವಾಗ?" ಎಂದು ಕೇಳಿದರು.

ಅವರ ಪ್ರಶ್ನೆಗೆ ಉತ್ತರ ಇಲ್ಲಿನ ಕಾನೂನಿನಲ್ಲಿದೆ, ಆದರೆ ಕೇಳಿದವರಿಗೆ ಸಮಾಧಾನವಾಗುವ ಉತ್ತರವಲ್ಲ. ಒಂದು ವರ್ಷದಲ್ಲಿ ಕೊಡುವ ಉದ್ಯೋಗದ ಗ್ರೀನ್ ಕಾರ್ಡುಗಳಲ್ಲಿ ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಸಾಮಾನ್ಯವಾಗಿ ಶೇ. 7ಕ್ಕಿಂತ ಹೆಚ್ಚು ಸಿಗುವಂತಿಲ್ಲ. ಪುಟ್ಟ ದೇಶಕ್ಕೂ ಅಷ್ಟೇ, 140 ಕೋಟಿ ಜನರ ಭಾರತಕ್ಕೂ ಅಷ್ಟೇ. ಹೀಗಾಗಿ 2025ರಲ್ಲಿ ಇಬಿ-2 ಎಂಬ ಉದ್ಯೋಗ ವರ್ಗದ ಭಾರತೀಯರ ಸರದಿ 2012, 2013ರ ಅರ್ಜಿಗಳಲ್ಲೇ ತೆವಳುತ್ತಿತ್ತು. ಮೊದಲ ಹಂತ ದಾಟಿದ ಅರ್ಜಿದಾರರು ಎಚ್-1ಬಿಯನ್ನು ಮೂರು ಮೂರು ವರ್ಷಕ್ಕೆ ನವೀಕರಿಸುತ್ತಾ ಕಾಯುತ್ತಾರೆ. ಮದುವೆ, ಮನೆ, ಇಬ್ಬರು ಮಕ್ಕಳು, ಅವರ ಶಾಲೆ, ಎಲ್ಲವೂ ಆ ಕಾಯುವಿಕೆಯ ಒಳಗೇ ನಡೆದುಹೋಗುತ್ತದೆ. ಕೆಲಸ ಹೋದರೆ ಬೇರೆ ಕೆಲಸ ಹಿಡಿಯಲು ಸಿಗುವುದು 60 ದಿನ. ನನ್ನ ಮಗ ಹುಟ್ಟಿದಾಗ ನಾನೂ ಎಚ್-4ನಲ್ಲಿದ್ದೆ, ನಮ್ಮ ಯಜಮಾನರು ಎಚ್-1ಬಿಯಲ್ಲಿ. ನಮ್ಮ ಭವಿಷ್ಯದ ಬಗ್ಗೆ ಏನೂ ಖಾತ್ರಿಯಿಲ್ಲದ ಆ ಕಾಲದಲ್ಲಿ ಅವನದ್ದೊಂದು ಖಾತ್ರಿಯಾಗಿತ್ತು. ಆ ನೆಮ್ಮದಿ ಎಂಥದ್ದೆಂದು ಬಲ್ಲೆನಾದ್ದರಿಂದಲೇ ಈ ವಿಷಯದಲ್ಲಿ ತಟಸ್ಥಳಾಗಿ ಬರೆಯಲು ನನಗೆ ಬರುವುದಿಲ್ಲ.

ಈ ಖಾತ್ರಿ ಎಲ್ಲಿಂದ ಬಂತು ಎಂಬುದನ್ನು ನಮ್ಮ ಮಕ್ಕಳಿಗೆ ನಾವು ಸರಿಯಾಗಿ ಹೇಳಿಲ್ಲ. ಅದನ್ನು ಗೆದ್ದುಕೊಟ್ಟವರು ಇಂಜಿನಿಯರುಗಳಲ್ಲ.

1857ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಡ್ರೆಡ್ ಸ್ಕಾಟ್ ಎಂಬ ಗುಲಾಮನ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಆಫ್ರಿಕಾದಿಂದ ತಂದವರ ವಂಶದವರು, ಗುಲಾಮರಾಗಿರಲಿ ಬಿಡುಗಡೆಯಾದವರಾಗಿರಲಿ, ಈ ದೇಶದ ಪೌರರಾಗಲಾರರು ಎಂದು ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ಬರೆದರು. ತಲೆಮಾರುಗಳಿಂದ ಇಲ್ಲೇ ಹುಟ್ಟಿ, ಇಲ್ಲೇ ಹತ್ತಿ ಬಿಡಿಸಿ ಸತ್ತವರಿಗೆ ಹೇಳಿದ ಮಾತು ಅದು. ಅಂತರ್ಯುದ್ಧ ನಡೆದು, ಗುಲಾಮಗಿರಿ ಕೊನೆಗೊಂಡ ಮೇಲೆ ಆ ತೀರ್ಪನ್ನು ಅಳಿಸಲು ಸಂವಿಧಾನಕ್ಕೆ 14ನೇ ತಿದ್ದುಪಡಿ ಬಂತು. ಅದು ಅಂಗೀಕಾರವಾದದ್ದು 1868ರ ಜುಲೈನಲ್ಲಿ. ಅಮೆರಿಕದಲ್ಲಿ ಹುಟ್ಟಿದ, ಅದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟ ಎಲ್ಲರೂ ಪೌರರು ಎಂಬುದು ಅದರ ಮೊದಲ ವಾಕ್ಯದ ತಿರುಳು. ಪೌರತ್ವವನ್ನು ಇನ್ನು ಮುಂದೆ ಯಾವ ಅಧ್ಯಕ್ಷನೂ ಯಾವ ಬಹುಮತವೂ ತನ್ನ ಇಷ್ಟದಂತೆ ಕೊಡುವುದು, ಕಿತ್ತುಕೊಳ್ಳುವುದು ಆಗಬಾರದೆಂದೇ ಅದನ್ನು ಸಂವಿಧಾನದಲ್ಲಿ ಕೆತ್ತಿದರು.

ವಲಸೆ ಬಂದವರ ಮಕ್ಕಳ ವಿಷಯ ಆಗ ಯಾರ ತಲೆಯಲ್ಲೂ ಇರಲಿಲ್ಲ ಎಂದು ಈಗ ಕೆಲವರು ವಾದಿಸುತ್ತಾರೆ. ಇದು ಸುಳ್ಳು. 1866ರಲ್ಲಿ ಸೆನೆಟ್ಟಿನಲ್ಲಿ ನಡೆದ ಚರ್ಚೆಯಲ್ಲಿ ಪೆನ್ಸಿಲ್ವೇನಿಯಾದ ಎಡ್ಗರ್ ಕೋವನ್ ಇದೇ ಪ್ರಶ್ನೆ ಎತ್ತಿದರು: ಹಾಗಾದರೆ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟುವ ಚೀನೀಯರ ಮಕ್ಕಳೂ ಪೌರರೇ? ಅಲೆಮಾರಿ ಜಿಪ್ಸಿಗಳ ಮಕ್ಕಳೂ ಪೌರರೇ? ಉತ್ತರ ಕೊಟ್ಟವರು ಕ್ಯಾಲಿಫೋರ್ನಿಯಾದ ಸೆನೆಟರ್ ಜಾನ್ ಕಾನೆಸ್, ಸ್ವತಃ ಐರ್ಲೆಂಡಿನಲ್ಲಿ ಹುಟ್ಟಿ ವಲಸೆ ಬಂದವರು. ಹೌದು, ಅವರೂ ಪೌರರೇ, ನಾನು ಅದಕ್ಕೆ ಒಪ್ಪಿಯೇ ಮತ ಹಾಕುತ್ತೇನೆ ಎಂಬ ಅರ್ಥದ ಮಾತನ್ನು ಅವರು ಸದನದಲ್ಲಿ ಆಡಿದರು. ಚೀನೀಯರ ಮೇಲಿನ ದ್ವೇಷ ಏರುತ್ತಿದ್ದ ರಾಜ್ಯವನ್ನು ಪ್ರತಿನಿಧಿಸುತ್ತಾ ಹೇಳಿದ ಮಾತು ಇದು. ಎಲ್ಲವೂ ಅರಿವಿದ್ದೇ ಆ ವಾಕ್ಯಕ್ಕೆ ಮತ ಬಿತ್ತು.

ಆ ವಾಕ್ಯವನ್ನು ಪರೀಕ್ಷೆಗೆ ಒಡ್ಡಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ಅಡುಗೆಯವನ ಬದುಕು. ವಾಂಗ್ ಕಿಮ್ ಆರ್ಕ್ ಹುಟ್ಟಿದ್ದು, ಕೋರ್ಟಿನ ದಾಖಲೆಯ ಪ್ರಕಾರ, 1873ರಲ್ಲಿ, ಅಲ್ಲಿನ ಚೈನಾಟೌನಿನ ಸ್ಯಾಕ್ರಮೆಂಟೊ ಸ್ಟ್ರೀಟ್‌ನಲ್ಲಿ. ಅಪ್ಪ ಅಮ್ಮ ಚೀನಾದಿಂದ ಬಂದವರು. ಅವರು ಈ ದೇಶದ ಪೌರರಾಗಲು ಅಂದಿನ ಕಾನೂನಿನಲ್ಲಿ ದಾರಿಯೇ ಇರಲಿಲ್ಲ. 1882ರಲ್ಲಿ ಚೀನೀ ಕೂಲಿಕಾರರ ಪ್ರವೇಶವನ್ನೇ ನಿಷೇಧಿಸುವ ಕಾಯ್ದೆ ಬಂತು. 1890ರಲ್ಲಿ ಅಪ್ಪ ಅಮ್ಮ ಚೀನಾಕ್ಕೆ ಮರಳಿದರು. ಮಗ ಇಲ್ಲೇ ಅಡುಗೆ ಕೆಲಸ ಮಾಡಿಕೊಂಡಿದ್ದ. 1894ರಲ್ಲಿ ಊರಿಗೆ ಹೋಗಿಬರಲು ಹೊರಟಾಗ, ತಾನು ಇಲ್ಲಿ ಹುಟ್ಟಿದವನೆಂದು ಬಿಳಿಯ ಸಾಕ್ಷಿಗಳ ಸಹಿ ಹಾಕಿಸಿದ, ಫೋಟೋ ಅಂಟಿಸಿದ ಪ್ರಮಾಣಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಹೋದ. 1895ರ ಆಗಸ್ಟಿನಲ್ಲಿ ಕಾಪ್ಟಿಕ್ ಎಂಬ ಹಡಗಿನಲ್ಲಿ ಹಿಂದಿರುಗಿದಾಗ ಬಂದರಿನ ಸುಂಕದ ಅಧಿಕಾರಿ ಜಾನ್ ವೈಸ್ ಅವನನ್ನು ಇಳಿಯಗೊಡಲಿಲ್ಲ. ಇಲ್ಲಿ ಹುಟ್ಟಿದ್ದು ನಿಜ, ಆದರೆ ನೀನು ಚೀನೀಯ, ಪೌರನಲ್ಲ ಎಂಬುದು ಸರ್ಕಾರದ ವಾದ. ತಾನು ಹುಟ್ಟಿದ ಊರು ಕಣ್ಣೆದುರಿಗೇ ಇರುವಾಗ ಆ ಯುವಕ ಹಡಗಿನಿಂದ ಹಡಗಿಗೆ ವರ್ಗವಾಗುತ್ತಾ ತಿಂಗಳುಗಟ್ಟಲೆ ಕೊಲ್ಲಿಯ ನೀರಿನ ಮೇಲೆ ಬಂಧಿಯಾಗಿದ್ದ.

ಅವನ ಪರ ವಕೀಲರನ್ನು ಇಟ್ಟದ್ದು ಚೈನಾಟೌನಿನ ಸಿಕ್ಸ್ ಕಂಪನೀಸ್ ಎಂಬ ಸಂಘ. ಅವರು ಹಿಡಿದ ವಕೀಲ ಥಾಮಸ್ ರಿಯೊರ್ಡನ್. ಕೆಳಗಿನ ಕೋರ್ಟಿನಲ್ಲಿ ಗೆದ್ದ ಪ್ರಕರಣವನ್ನು ಸರ್ಕಾರ ಸುಪ್ರೀಂ ಕೋರ್ಟಿಗೆ ಒಯ್ದಿತು. ಅಲ್ಲಿ ಸರ್ಕಾರದ ಪರ ನಿಂತ ಸಾಲಿಸಿಟರ್ ಜನರಲ್ ಹೋಮ್ಸ್ ಕಾನ್ರಾಡ್, ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರವಾಗಿದ್ದ ದಕ್ಷಿಣದ ಸೇನೆಯಲ್ಲಿ ಹೋರಾಡಿದ್ದವರು. 1898ರ ಮಾರ್ಚ್ 28ರಂದು ಆರು-ಎರಡರ ಬಹುಮತದಲ್ಲಿ ತೀರ್ಪು ಬಂತು: ವಾಂಗ್ ಹುಟ್ಟಿನಿಂದಲೇ ಅಮೆರಿಕದ ಪೌರ. ತೀರ್ಪು ಬರೆದ ನ್ಯಾಯಮೂರ್ತಿ ಹೊರೇಸ್ ಗ್ರೇ ಒಂದು ಮಾತನ್ನು ಸ್ಪಷ್ಟಪಡಿಸಿದರು. ಪರದೇಶದ ತಂದೆ ತಾಯಿಗೆ ಹುಟ್ಟಿದವನೆಂಬ ಕಾರಣಕ್ಕೆ ಇವನನ್ನು ಹೊರಗಿಟ್ಟರೆ, ಇಲ್ಲಿಯವರೆಗೆ ಪೌರರೆಂದೇ ಎಣಿಸಿರುವ ಇಂಗ್ಲಿಷ್, ಸ್ಕಾಟಿಷ್, ಐರಿಷ್, ಜರ್ಮನ್ ವಲಸೆಗಾರರ ಸಾವಿರಾರು ಮಕ್ಕಳನ್ನೂ ಹೊರಗಿಡಬೇಕಾಗುತ್ತದೆ. ಒಬ್ಬ ಚೀನೀ ಅಡುಗೆಯವನ ಹಕ್ಕಿಗೂ ಬಿಳಿಯ ಅಮೆರಿಕನ್ನರ ಹಕ್ಕಿಗೂ ಇರುವುದು ಒಂದೇ ಬುನಾದಿ ಎಂದು ಆ ಕಾಲದ ಕೋರ್ಟು ಹೇಳಿತು. ಗೆದ್ದ ಮೇಲೂ ವಾಂಗ್‌ನ ಪಾಡು ತಪ್ಪಲಿಲ್ಲ. 1901ರಲ್ಲಿ ಟೆಕ್ಸಸ್ಸಿನ ಎಲ್ ಪಾಸೊದಲ್ಲಿ, ದೇಶದಲ್ಲಿರಲು ಹಕ್ಕಿಲ್ಲದ ಚೀನೀಯನೆಂದು ಅವನನ್ನು ಮತ್ತೆ ಬಂಧಿಸಿದರು. ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ಹೆಸರಿದ್ದವನು ಇನ್ನೊಮ್ಮೆ ಸಾಬೀತು ಮಾಡಬೇಕಾಯಿತು.

ಈ ತೀರ್ಪಿನ ಬೆಲೆ ಏನೆಂದು ಭಾರತೀಯರಿಗೆ 1923ರಲ್ಲಿ ಗೊತ್ತಾಯಿತು. ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣದಲ್ಲಿ, ಭಾರತೀಯರು ಬಿಳಿಯರಲ್ಲವಾದ್ದರಿಂದ ಅರ್ಜಿ ಹಾಕಿ ಪೌರರಾಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದಾಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಸರ್ಕಾರ ಅದನ್ನು ಹಿಂದಕ್ಕೆ ಕಿತ್ತುಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯ್ ಅವರಲ್ಲೊಬ್ಬರು. ಇತ್ತ ಅಮೆರಿಕದ ಪೌರತ್ವವೂ ಹೋಗಿ, ಅತ್ತ ತಾವೇ ತ್ಯಜಿಸಿದ್ದ ಬ್ರಿಟಿಷ್ ಪ್ರಜೆಯ ಪಟ್ಟವನ್ನು ಮತ್ತೆ ಬೇಡುವ ಸ್ಥಿತಿ ಬಂದಾಗ, 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯ ಇಂಪೀರಿಯಲ್ ಕಣಿವೆಯಲ್ಲಿ ಪಂಜಾಬಿನ ರೈತರು ಮೆಕ್ಸಿಕನ್ ಹೆಂಗಸರನ್ನು ಮದುವೆಯಾಗಿ ಬೇಸಾಯ ಮಾಡಿಕೊಂಡಿದ್ದರು. ಪೌರರಾಗಲು ಅರ್ಹರಲ್ಲದವರು ಜಮೀನು ಹೊಂದುವಂತಿಲ್ಲ ಎಂದು ಆ ರಾಜ್ಯದ 1913ರ ಕಾಯ್ದೆ ಹೇಳುತ್ತಿತ್ತು. ಆಗ ಹಲವು ಕುಟುಂಬಗಳು ಜಮೀನನ್ನು ಉಳಿಸಿಕೊಂಡದ್ದು ಇಲ್ಲಿ ಹುಟ್ಟಿದ ಮಕ್ಕಳ ಹೆಸರಿನಲ್ಲಿ. ಅಪ್ಪನನ್ನು ದೇಶ ಹೊರಗಿಟ್ಟಿತು, ಮಗುವನ್ನು ಹೊರಗಿಡಲು ಅದಕ್ಕೆ ಸಾಧ್ಯವಾಗಲಿಲ್ಲ. ಭಾರತೀಯರಿಗೆ ಅರ್ಜಿ ಹಾಕಿ ಪೌರರಾಗುವ ಬಾಗಿಲು ತೆರೆದದ್ದು 1946ರ ಲೂಸ್-ಸೆಲ್ಲರ್ ಕಾಯ್ದೆಯಿಂದ. ಅಲ್ಲಿಯವರೆಗೆ ಈ ನೆಲದಲ್ಲಿ ಹೊಸದಾಗಿ ಪೌರನಾಗಲು ಭಾರತೀಯನಿಗಿದ್ದ ಭದ್ರವಾದ ದಾರಿ ಇಲ್ಲಿ ಹುಟ್ಟುವುದೊಂದೇ.

ಟ್ರಂಪ್ ಸರ್ಕಾರದ ವಾದ ನಿಂತಿರುವುದು "ಅಧಿಕಾರ ವ್ಯಾಪ್ತಿಗೆ ಒಳಪಟ್ಟ" ಎಂಬ ಮಾತಿನ ಮೇಲೆ. ಅಕ್ರಮವಾಗಿ ಬಂದವರಿಗೂ ತಾತ್ಕಾಲಿಕವಾಗಿ ಬಂದವರಿಗೂ ಈ ದೇಶಕ್ಕೆ ಪೂರ್ಣ ನಿಷ್ಠೆ ಇಲ್ಲ, ಹಾಗಾಗಿ ಅವರ ಮಕ್ಕಳು ವ್ಯಾಪ್ತಿಯೊಳಗಿಲ್ಲ ಎಂದು ಅದು ಹೇಳುತ್ತದೆ. ನೇರವಾಗಿ ನೋಡೋಣ. ವಿದೇಶಿ ರಾಯಭಾರಿಯ ಮೇಲೆ ಇಲ್ಲಿನ ಪೊಲೀಸರು ಕೇಸು ಹಾಕುವಂತಿಲ್ಲ. ಹಾಗಾಗಿ ಅವರ ಮಕ್ಕಳು ಪೌರರಲ್ಲ. ದಾಳಿ ಮಾಡಿ ನೆಲ ಹಿಡಿದುಕೊಂಡ ಶತ್ರುಸೇನೆಯವರ ಮಕ್ಕಳೂ ಅಲ್ಲ. ಸ್ವಂತ ಆಡಳಿತವಿದ್ದ ಮೂಲನಿವಾಸಿ ಬುಡಕಟ್ಟುಗಳನ್ನೂ ಅಂದು ಹೊರಗೆಣಿಸಿದ್ದರು, 1924ರಲ್ಲಿ ಅವರಿಗೂ ಪೌರತ್ವ ಬಂತು. ಎಚ್-1ಬಿ ಇಂಜಿನಿಯರ್ ಇವರಲ್ಲಿ ಯಾರು? ಅವನು ಕೆಂಪು ದೀಪ ದಾಟಿದರೆ ದಂಡ ಕಟ್ಟುತ್ತಾನೆ, ತೆರಿಗೆ ಕಟ್ಟದಿದ್ದರೆ ಜೈಲಿಗೆ ಹೋಗುತ್ತಾನೆ. ಪರವಾನಗಿಯಿಲ್ಲದೆ ಟೊಮೇಟೊ ಬಿಡಿಸುವ ಕೂಲಿಯ ತಾಯಿಯನ್ನು ಸರ್ಕಾರ ಹಿಡಿದು ಗಡೀಪಾರು ಮಾಡುತ್ತದೆ. ವ್ಯಾಪ್ತಿಯೊಳಗೆ ಇಲ್ಲದವರನ್ನು ಬಂಧಿಸಲು ಯಾವ ಕಾನೂನಿನಲ್ಲಿ ಸಾಧ್ಯ?

ಎದುರಿನ ವಾದದಲ್ಲಿ ಒಪ್ಪಬೇಕಾದ ಸಂಗತಿಗಳೂ ಇವೆ. ಹುಟ್ಟಿದ ಮಾತ್ರಕ್ಕೆ ಪೌರತ್ವ ಕೊಡುವ ಪದ್ಧತಿ ಹೆಚ್ಚಾಗಿ ಇರುವುದು ಅಮೆರಿಕ ಖಂಡಗಳ ದೇಶಗಳಲ್ಲಿ. ಬ್ರಿಟನ್, ಆಸ್ಟ್ರೇಲಿಯಾ, ಐರ್ಲೆಂಡ್ ಅದನ್ನು ಕೈಬಿಟ್ಟಿವೆ. ಹೆರಿಗೆಗೆಂದೇ ಪ್ರವಾಸಿ ವೀಸಾದಲ್ಲಿ ಬರುವ ಹಣವಂತರೂ ಇದ್ದಾರೆ. ಆದರೆ ಐರ್ಲೆಂಡ್ 2004ರಲ್ಲಿ ಜನಮತಗಣನೆ ನಡೆಸಿ ಸಂವಿಧಾನ ತಿದ್ದಿತು, ಬ್ರಿಟನ್ ಸಂಸತ್ತಿನಲ್ಲಿ ಕಾಯ್ದೆ ತಂದಿತು. ಅಮೆರಿಕದ ಸಂವಿಧಾನ ತಿದ್ದಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ, 50ರಲ್ಲಿ 38 ರಾಜ್ಯಗಳ ಒಪ್ಪಿಗೆ ಬೇಕು. ಅಷ್ಟು ಜನರನ್ನು ಒಪ್ಪಿಸಲಾಗದವರು ಅದನ್ನು ಪೆನ್ನಿನಿಂದ ಮಾಡಹೊರಟಿದ್ದಾರೆ. ಹೆರಿಗೆ ಪ್ರವಾಸವನ್ನು ತಡೆಯಲು ವೀಸಾ ಕೊಡುವ ಕಚೇರಿಗೆ 2020ರಿಂದಲೇ ನಿಯಮವಿದೆ. ಇನ್ನು, ಮಗುವನ್ನು ಹಿಡಿದುಕೊಂಡು ಅಪ್ಪ ಅಮ್ಮ ಇಲ್ಲಿ ಬೇರು ಬಿಡುತ್ತಾರೆ ಎಂಬ ಆರೋಪ. ಮಗು ತಂದೆ ತಾಯಿಗೆ ಗ್ರೀನ್ ಕಾರ್ಡಿನ ಅರ್ಜಿ ಹಾಕಬೇಕಾದರೆ ಅದಕ್ಕೆ 21 ವರ್ಷ ತುಂಬಿರಬೇಕು. ಅಷ್ಟು ವರ್ಷ ಕಾದು ಕೂರುವ ಕುತಂತ್ರಕ್ಕೆ ಯಾವ ತಾಯಿಯೂ ಮಗು ಹೆರುವುದಿಲ್ಲ.

ಭಾರತದ ಅನುಭವವೂ ಇಲ್ಲಿ ಹೇಳಲೇಬೇಕು. ನಾನು ತರೀಕೆರೆಯ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ಕಾಲದಲ್ಲಿ ನಮ್ಮ ದೇಶದಲ್ಲೂ ಇದೇ ನಿಯಮವಿತ್ತು. 1950ರ ಜನವರಿ 26ರಿಂದ 1987ರ ಜುಲೈವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು, ತಂದೆ ತಾಯಿ ಯಾರೇ ಆಗಿರಲಿ, ಭಾರತೀಯರು. ಆಮೇಲೆ ಇಬ್ಬರಲ್ಲೊಬ್ಬರು ಭಾರತೀಯರಾಗಿರಬೇಕು ಎಂದಾಯಿತು. 2004ರ ಡಿಸೆಂಬರಿನಿಂದ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂಬುದೂ ಸೇರಿತು. ಅಸ್ಸಾಮಿನಲ್ಲಿ ಅಪ್ಪ ಅಜ್ಜಂದಿರ ಕಾಗದ ತಂದು ತೋರಿಸಿ ಎಂದಾಗ ಏನಾಯಿತು? 2019ರ ಆಗಸ್ಟ್ 31ರಂದು ಪ್ರಕಟವಾದ ಪೌರರ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಹೆಸರಿನ ಒಂದಕ್ಷರ ತಪ್ಪಿದವರು, ಪ್ರವಾಹದಲ್ಲಿ ಕಾಗದ ಕಳೆದುಕೊಂಡವರು, ಮದುವೆಯಾಗಿ ಊರು ಬಿಟ್ಟ ಹೆಣ್ಣುಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆದರು. ಪೌರತ್ವ ಅಪ್ಪ ಅಮ್ಮನ ಕಾಗದಕ್ಕೆ ಗಂಟು ಬಿದ್ದರೆ ಕಾಗದ ಇಟ್ಟುಕೊಳ್ಳಲಾಗದ ಬಡವರು ಮೊದಲು ಬೀಳುತ್ತಾರೆ.

ನನ್ನ ಮೇಜಿನ ಮೇಲೆ ಈ ಆದೇಶ ಏನು ಮಾಡುತ್ತದೆಂದು ಯೋಚಿಸಿದಾಗಲೆಲ್ಲ ನನಗೆ ದಿಗಿಲಾಗುತ್ತದೆ. ಅದು ಮುಟ್ಟುವುದು ವಲಸಿಗರ ಮಕ್ಕಳನ್ನು ಮಾತ್ರವಲ್ಲ. ಯಾವ ಮಗುವಿಗೆ ಪೌರತ್ವ ಇಲ್ಲ ಎಂದು ತಿಳಿಯಬೇಕಾದರೆ ಎಲ್ಲ ಮಕ್ಕಳ ತಂದೆ ತಾಯಿಯ ಕಾಗದವನ್ನೂ ನೋಡಬೇಕಾಗುತ್ತದೆ. ಏಳು ತಲೆಮಾರು ಇಲ್ಲೇ ಇದ್ದವರೂ ಹೆರಿಗೆಗೆ ಬರುವಾಗ ಪಾಸ್‌ಪೋರ್ಟ್ ತರಬೇಕು. ಅಮೆರಿಕದಲ್ಲಿ ಪಾಸ್‌ಪೋರ್ಟ್ ಇಲ್ಲದವರು ಕೋಟಿಗಟ್ಟಲೆ ಇದ್ದಾರೆ. ತಂದೆ, ತಾಯಿ ಎಂದರೆ ಜೈವಿಕ ತಂದೆ, ಜೈವಿಕ ತಾಯಿ ಎಂದು ಆದೇಶವೇ ಹೇಳಿದೆ. ಮದುವೆಯಾಗದ ಜೋಡಿಗಳು ಮಗುವಿನ ತಂದೆ ಯಾರೆಂದು ಈಗ ಆಸ್ಪತ್ರೆಯಲ್ಲೇ ಒಂದು ಘೋಷಣಾ ಪತ್ರಕ್ಕೆ ಸಹಿ ಹಾಕುತ್ತಾರೆ. ಅಷ್ಟರಿಂದ ಜೈವಿಕತೆ ಸಾಬೀತಾಗುವುದಿಲ್ಲ. ದಾನಿಯ ವೀರ್ಯದಿಂದ ಗರ್ಭ ಧರಿಸಿದವಳು ಆ ದಾನಿಯ ಗ್ರೀನ್ ಕಾರ್ಡನ್ನು ಎಲ್ಲಿಂದ ತರಬೇಕು? ಅಪ್ಪ ಅಮ್ಮನ ಸ್ಥಿತಿಯನ್ನು ನೋಡುವುದು ಮಗು ಹುಟ್ಟಿದ ಹೊತ್ತಿಗೆ. ಗ್ರೀನ್ ಕಾರ್ಡ್ ಮಂಜೂರಾಗುವ ಹಿಂದಿನ ದಿನ ಹುಟ್ಟಿದ ಮಗು ಒಂದು, ಎರಡು ವರ್ಷದ ನಂತರ ಹುಟ್ಟಿದ ತಂಗಿ ಇನ್ನೊಂದು. ಒಂದೇ ಮನೆಯಲ್ಲಿ ಒಂದು ಮಗು ಪೌರ, ಇನ್ನೊಂದಕ್ಕೆ ವೀಸಾ ಬೇಕು. ಬಾಣಂತಿಗೆ ಇನ್ನೂ ಎದ್ದು ಓಡಾಡಲು ಆಗದಿರುವಾಗ ಅವಳ ಐ-94, ಅಂದರೆ ದೇಶದೊಳಗೆ ಬಂದ ದಾಖಲೆ, ಕೇಳುವ ಕೆಲಸವನ್ನು ನನ್ನ ಕೈಯಿಂದ ಮಾಡಿಸಬೇಡಿ.

ಕೋರ್ಟುಗಳು ಇದನ್ನು ಬೇಗ ತಡೆದವು. ಆದೇಶ ಬಂದ ಮೂರನೇ ದಿನ ಸಿಯಾಟಲ್‌ನ ನ್ಯಾಯಾಧೀಶ ಜಾನ್ ಕೂಗನೌರ್ ಇದು ಎದ್ದು ಕಾಣುವಂತೆ ಸಂವಿಧಾನಬಾಹಿರ ಎಂದು ತಡೆ ಕೊಟ್ಟರು. ಅವರನ್ನು ನೇಮಿಸಿದ್ದು ರಿಪಬ್ಲಿಕನ್ ಅಧ್ಯಕ್ಷ ರೇಗನ್. ಅದೇ ವರ್ಷದ ಜೂನ್ 27ರಂದು ಸುಪ್ರೀಂ ಕೋರ್ಟ್ ಆರು-ಮೂರರ ತೀರ್ಪಿನಲ್ಲಿ, ಒಬ್ಬ ನ್ಯಾಯಾಧೀಶರು ದಾವೆ ಹೂಡಿದವರನ್ನು ಮೀರಿ ಇಡೀ ದೇಶಕ್ಕೆ ತಡೆ ಕೊಡುವ ಅಧಿಕಾರವನ್ನು ಮೊಟಕುಗೊಳಿಸಿತು. ಆದೇಶ ಸರಿಯೇ ಎಂಬುದನ್ನು ಆಗ ಅದು ಮುಟ್ಟಲಿಲ್ಲ. ಎರಡು ವಾರದೊಳಗೆ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಯಾಧೀಶ ಜೋಸೆಫ್ ಲಪ್ಲಾಂಟ್ ದೇಶದ ಅಂಥ ಎಲ್ಲ ಹಸುಗೂಸುಗಳನ್ನೂ ಒಂದೇ ವರ್ಗವೆಂದು ಪರಿಗಣಿಸಿ ಮತ್ತೆ ತಡೆ ಕೊಟ್ಟರು. ಇವರೂ ರಿಪಬ್ಲಿಕನ್ ಅಧ್ಯಕ್ಷ ಬುಷ್ ನೇಮಿಸಿದವರೇ. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮೂಲ ಪ್ರಶ್ನೆಯನ್ನೇ ವಿಚಾರಣೆಗೆ ಎತ್ತಿಕೊಂಡಿತು. ಆ ನ್ಯೂ ಹ್ಯಾಂಪ್‌ಶೈರ್ ದಾವೆಯ ವಕೀಲರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಏಷ್ಯನ್ ಲಾ ಕಾಕಸ್ ಸಂಸ್ಥೆಯವರೂ ಇದ್ದಾರೆ, ಕಪ್ಪು ಜನರ ಹಕ್ಕುಗಳಿಗಾಗಿ ದಶಕಗಳಿಂದ ಹೋರಾಡಿದ ಎಲ್‌ಡಿಎಫ್ ಸಂಸ್ಥೆಯವರೂ ಇದ್ದಾರೆ. ವಾಂಗ್‌ನ ಊರಿನವರು ಮತ್ತು ಡ್ರೆಡ್ ಸ್ಕಾಟ್‌ನ ಕುಲದವರು ಒಂದೇ ದಾವೆಯಲ್ಲಿ ನಿಂತದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ನನ್ನ ಜಗಳವಿರುವುದು ನಮ್ಮವರ ಜೊತೆ. 2025ರ ಯುಗಾದಿಯ ಆಸುಪಾಸಿನಲ್ಲಿ ನಮ್ಮ ಕನ್ನಡಿಗರ ಗುಂಪೊಂದರಲ್ಲಿ ಸಂಸದರಿಗೆ ಕಳಿಸಲೆಂದು ಒಂದು ಪತ್ರ ತಯಾರಾಯಿತು. "ನಾವು ಲೀಗಲ್ ಆಗಿ ಬಂದೋರು ಮೇಡಂ. ಟ್ಯಾಕ್ಸ್ ಕಟ್ತೀವಿ. ಎಚ್-1ಬಿಯವರನ್ನ ಮಾತ್ರ ಇದರಿಂದ ಬಿಟ್ಟುಬಿಡಿ ಅಂತ ಕೇಳೋಣ, ಉಳಿದದ್ದು ಅವರ ಹಣೆಬರಹ," ಎಂದರು ಪತ್ರ ಬರೆದವರು. ಒಳ್ಳೆಯ ಮನುಷ್ಯ, ಮೊದಲ ಮಗುವಿನ ನಿರೀಕ್ಷೆಯಲ್ಲಿದ್ದರು, ಭಯದಲ್ಲಿದ್ದರು. ನಾನು ಸಹಿ ಹಾಕಲಿಲ್ಲ. ಪಕ್ಕದ ಮಂಚದಲ್ಲಿ ಮಲಗಿರುವ ಗ್ವಾಟೆಮಾಲಾದ ಬಾಣಂತಿಯ ಅರ್ಜಿಯನ್ನೂ ನಾನೇ ತುಂಬಿಸುತ್ತೇನೆ. ಅವಳ ಮಗುವೂ ಮೂರು ಕಿಲೋ, ನಿಮ್ಮದೂ ಮೂರು ಕಿಲೋ. ಎರಡರಲ್ಲಿ ಯಾವುದೂ ಗಡಿ ದಾಟಿ ಬಂದಿಲ್ಲ ಎಂದು ಅವರಿಗೆ ಹೇಳಿದೆ. ಅವರು ಒಪ್ಪಲಿಲ್ಲ.

ಆಗ ಸಿಕ್ಸ್ ಕಂಪನೀಸ್ ಕಥೆಯನ್ನೂ ಹೇಳಿದೆ. 1882ರ ಚೀನೀ ನಿಷೇಧ ಕಾಯ್ದೆ ತಡೆದದ್ದು ಕೂಲಿಕಾರರನ್ನು. ವ್ಯಾಪಾರಿಗಳಿಗೆ ಅದರಲ್ಲಿ ವಿನಾಯಿತಿ ಇತ್ತು. ಸಿಕ್ಸ್ ಕಂಪನೀಸ್ ಸಂಘವನ್ನು ನಡೆಸುತ್ತಿದ್ದವರು ಹೆಚ್ಚಾಗಿ ವ್ಯಾಪಾರಿಗಳೇ. ತಮಗೆ ಸಿಕ್ಕ ವಿನಾಯಿತಿಯ ಕಾಗದ ಹಿಡಿದುಕೊಂಡು ಅವರು ಸುಮ್ಮನಿರಬಹುದಿತ್ತು. ಒಬ್ಬ ಅಡುಗೆಯವನಿಗಾಗಿ ದೇಶದ ಅತ್ಯುನ್ನತ ಕೋರ್ಟಿನವರೆಗೂ ಅವರು ಹೋದರು. ಎಚ್-4 ತಾಯಿಗೆ ಹುಟ್ಟಿದ ನನ್ನ ಮಗ ಇವತ್ತು ಪೌರನಾಗಿರುವುದು ಅವರಿಂದ.

ಕೊನೆಗೆ ನಾನೂ ಇನ್ನಿಬ್ಬರು ಹೆಂಗಸರೂ ಕೂತು ಬೇರೆ ಪತ್ರ ಬರೆದೆವು. ಅದರಲ್ಲಿ ಎಚ್-1ಬಿ ಎಂಬ ಮಾತೇ ಬರುವುದಿಲ್ಲ. ಇಲ್ಲಿ ಹುಟ್ಟುವ ಯಾವ ಮಗುವಿನ ತಾಯಿಯ ಕಾಗದವನ್ನೂ ಕೇಳಬೇಡಿ, ಆದೇಶವನ್ನು ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಳ್ಳಿ ಎಂದಿದೆ. ಮೊದಲ ಪತ್ರಕ್ಕೆ ಬಿದ್ದಷ್ಟು ಸಹಿ ಇದಕ್ಕೆ ಬಿದ್ದಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲ ಕೊಡಲು ಮನೆಮನೆಗೆ ಹೋಗುವಾಗ ಹಾಳೆಯನ್ನೂ ಜೊತೆಗೆ ಒಯ್ಯುತ್ತಿದ್ದೇವೆ.